ಕೌದಿಗೂ ಹಸಿವಾಗುತ್ತದೆ

ಬಟ್ಟೆಯ ಚೂರನ್ನು ಬಿಸಾಡಲು ನನಗೆ ಕೈ ಬರುವುದಿಲ್ಲ. ಇದನ್ನು ಒಂದು ಒಳ್ಳೆಯ ಗುಣ ಅಂತ ತಿಳಿದುಕೊಂಡೇ ಇಷ್ಟು ವರ್ಷ ಬದುಕಿದೆ. ಈಗ ನೋಡಿದರೆ ಅದೊಂದು ಕಾಯಿಲೆ. ಬಿ.ಪಿ.ಗೆ, ಸಕ್ಕರೆಗೆ ಗುಳಿಗೆಯಾದರೂ ಇದೆ, ಇದಕ್ಕೆ ಅದೂ ಇಲ್ಲ. ಬ್ಲೌಸು ಹೊಲಿಸಿ ಉಳಿದ ತುಂಡು, ಅಳಿಯಂದಿರ ಹಳೇ ಅಂಗಿಯ ತೋಳು, ದಿಂಬಿನ ಕವರು, ಲಂಗದ ಅಂಚು, ಎಲ್ಲವನ್ನೂ ಒಂದು ಸೀರೆಯಲ್ಲಿ ಗಂಟು ಕಟ್ಟಿ ಮಂಚದ ಕೆಳಗೆ ತಳ್ಳುತ್ತಾ ಬಂದೆ. ಗಂಟು ಬೆಳೆದು ಬೆಳೆದು ಮಂಚವೇ ಒಂದು ಕಡೆ ಮೇಲೆದ್ದಿದೆ ಅಂತ ನನ್ನ ಮಗಳು ಗಿರಿಜಾ ಹೇಳುತ್ತಾಳೆ. ಸುಳ್ಳು. ಬಸವೇಶ್ವರನಗರದ ಈ ಮನೆಯ ನೆಲವೇ ಓರೆ. ಮಗಳ ಮನೆಯಲ್ಲಿ ಇರುವವಳು ನೆಲದ ಮಾತು ಎತ್ತಬಾರದು ಅಂತ ನಾನು ಸುಮ್ಮನಿದ್ದೇನೆ, ಅಷ್ಟೇ.

ನಾನು ಹುಟ್ಟಿದ್ದು ಹಾವೇರಿ ಕಡೆ. ಓದಿದ್ದು ನಾಲ್ಕನೇ ಕ್ಲಾಸು, ಅದೂ ಪಾಸೋ ಫೇಲೋ ಯಾರೂ ಹೋಗಿ ನೋಡಲಿಲ್ಲ. ನಮ್ಮಲ್ಲಿ ಬಟ್ಟೆ ಹರಿದರೆ ಅದರ ಕತೆ ಮುಗಿಯಿತು ಅಂತ ಅಲ್ಲ, ಕೌದಿಗೆ ಬಂತು ಅಂತ. ಒಗೆದು ಒಗೆದು ಮೆತ್ತಗಾದ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಚೂರು ಜೋಡಿಸಿ, ಅಂಚಿನಿಂದ ಶುರುಮಾಡಿ ಸುತ್ತಿ ಸುತ್ತಿ ನಡುವಿನವರೆಗೆ ಕೈಹೊಲಿಗೆ ಹಾಕುತ್ತಾ ಬಂದರೆ ಕೌದಿ. ಹುಟ್ಟಿದ ಕೂಸನ್ನು ಹೊಸ ಬಟ್ಟೆಯ ಮೇಲೆ ಮಲಗಿಸುವ ಪದ್ಧತಿ ನಮ್ಮಲ್ಲಿಲ್ಲ. ಗಿರಿಜಾ ಮಲಗಿದ್ದು ನನ್ನ ಕೌದಿಯ ಮೇಲೆ, ಗಿರಿಜಾಳ ಮಗಳು ಪಲ್ಲವಿ ಮಲಗಿದ್ದೂ ನನ್ನ ಕೌದಿಯ ಮೇಲೆ. ಪಲ್ಲವಿ ಬಾಣಂತನಕ್ಕೆ ಬಂದು ಹೆಣ್ಣು ಹೆತ್ತಾಗ, ತೊಟ್ಟಿಲಿಗೆ ಹಾಕುವ ದಿನ ಮರಿಮಗಳೂ ನನ್ನ ಕೌದಿಯ ಮೇಲೆಯೇ ಮಲಗಬೇಕು ಅಂದೆ. ನನಗೆ ಕಾಶಿಗೆ ಹೋಗುವ ಆಸೆಯಿಲ್ಲ, ಬಂಗಾರದ ಆಸೆಯಿಲ್ಲ, ಇದ್ದದ್ದು ಇದೊಂದೇ. ಮನಸ್ಸಿನಲ್ಲೇ ಇಟ್ಟುಕೊಳ್ಳಬಹುದಿತ್ತು. ದೇವಸ್ಥಾನದಲ್ಲಿ ಹೇಳಿದೆ, ಸೊಪ್ಪಿನವಳಿಗೆ ಹೇಳಿದೆ, ಕೆಳಗಿನ ಮನೆಯ ಸುಮಿತ್ರಮ್ಮನಿಗಂತೂ ಎರಡು ಸಲ ಹೇಳಿದೆ.

ತೊಂದರೆ ಶುರುವಾದದ್ದು ಬಾಣಂತಿ ಕೋಣೆಯಿಂದ. ಪಲ್ಲವಿ ತಲೆಗೆ ಸ್ಕಾರ್ಫು, ಕಿವಿಗೆ ಹತ್ತಿ, ಕೈಯಲ್ಲಿ ಫೋನು ಹಿಡಿದುಕೊಂಡು ಮಲಗಿದ್ದಳು. ಬಾಣಂತಿ ಫೋನು ನೋಡಿದರೆ ಕಣ್ಣಿಗೆ ನಂಜು ಅಂತ ನಾನು ಹೇಳಿದ್ದು ಅವಳ ಕಿವಿಯ ಹತ್ತಿ ದಾಟಿ ಒಳಗೆ ಹೋಗಲಿಲ್ಲ.

"ಅಜ್ಜಿ, ಹೇಗ್ಹೇಗೋ ಹಚ್ಚಬೇಡ. ಒಂದು ಪ್ಯಾಟರ್ನ್ ಇರ್ಲಿ. ನಾನು ಡಿಸೈನ್ ಮಾಡ್ಕೊಡ್ತೀನಿ."

"ಚೂರಿಗೆ ಎಂಥ ಡಿಸೈನೇ? ಇದ್ದದ್ದನ್ನ ಇದ್ದಂಗೆ ಹಚ್ಚೋದು."

"ಹಾಗಲ್ಲ ಅಜ್ಜಿ. ಫೋಟೋದಲ್ಲಿ ಚೆನ್ನಾಗಿ ಬರಬೇಕಲ್ಲ."

ಮಗು ಮಲಗಲಿಕ್ಕೋ ಫೋಟೋ ಮಲಗಲಿಕ್ಕೋ ಅಂತ ಕೇಳೋಣ ಅನ್ನಿಸಿತು. ಹಸಿ ಬಾಣಂತಿ, ಬೇಡ ಅಂತ ಬಿಟ್ಟೆ. ಮಧ್ಯಾಹ್ನದೊಳಗೆ ಡಿಸೈನು ಗಿರಿಜಾಳ ಫೋನಿಗೆ ಬಂತು. ನಡುವೆ ದೊಡ್ಡದೊಂದು ನಕ್ಷತ್ರ, ಅದರ ಒಂದೊಂದು ಎಸಳಿಗೂ ಮೂರು ಮೂಲೆಯ ತುಂಡುಗಳು, ಎಲ್ಲಾ ಒಂದೇ ಅಳತೆ. ಬಣ್ಣ ತಿಳಿ ಬೂದಿ, ತಿಳಿ ಗುಲಾಬಿ, ಇನ್ನೊಂದು ಮಿಂಟ್. ಮಿಂಟ್ ಅಂದರೆ ಪುದೀನಾ ಬಣ್ಣ ಅಂತ ಗಿರಿಜಾ ಬಿಡಿಸಿ ಹೇಳಿದಳು. ನಾನು ಇಷ್ಟು ವರ್ಷ ಬಿಡಿಸಿದ ಪುದೀನಾ ಕಡು ಹಸಿರು. ಫೋನಿನಲ್ಲಿದ್ದದ್ದು ನೀರಲ್ಲಿ ಮೂರು ದಿನ ನೆನೆದ ಪುದೀನಾ. ಗಂಟು ಬಿಚ್ಚಿ ನೋಡಿದೆ. ಕುಂಕುಮದ ಕೆಂಪು ಇತ್ತು, ಅರಿಶಿನ ಇತ್ತು, ಕಾಫಿಪುಡಿ ಬಣ್ಣ ಬೇಕಾದಷ್ಟಿತ್ತು. ಡಿಸೈನಿನಲ್ಲಿದ್ದ ಒಂದು ಬಣ್ಣವೂ ಇರಲಿಲ್ಲ. ಇದ್ದ ಚೂರು ಖಾಲಿ ಮಾಡಲಿಕ್ಕೆ ಅಂತ ಹಾಕಿದ ಡಿಸೈನು, ಇಲ್ಲದ ಚೂರನ್ನು ಕೇಳುತ್ತಿತ್ತು.

ಮಾರೇನಹಳ್ಳಿಯಲ್ಲಿ ನಮಗೆ ಬ್ಲೌಸು ಹೊಲಿಯುವ ಟೈಲರ್ ಒಬ್ಬನಿದ್ದಾನೆ. ಗಿರಿಜಾಳನ್ನು ಕರೆದುಕೊಂಡು ಆಟೋದಲ್ಲಿ ಹೋದೆ.

"ತಿಳಿ ಬಣ್ಣದ ಕಾಟನ್ ಚೂರು ಇದ್ರೆ ಕೊಡಪ್ಪ, ಮರಿಮಗಳಿಗೆ ಕೌದಿ."

"ಕಾಟನ್ ಈಗ ಯಾರು ಉಡ್ತಾರಮ್ಮ? ಹುಡುಕಿದ್ರೆ ಲೈನಿಂಗ್ ಸಿಗಬಹುದು."

"ಪುದೀನಾ ಬಣ್ಣದ್ದು?"

"ಅಮ್ಮಾ, ಇದು ಟೈಲರ್ ಅಂಗಡಿ. ಸೊಪ್ಪಿನ ಅಂಗಡಿ ಮುಂದಿನ ಕ್ರಾಸು."

ಹೀಗಂದವನು ನಾವು ಬೇಡ ಬೇಡ ಅನ್ನುವಷ್ಟರಲ್ಲಿ ಒಂದು ಗೋಣಿಚೀಲ ತುಂಬಾ ಚೂರು ತುರುಕಿ ಆಟೋದೊಳಗೆ ಇಟ್ಟೇಬಿಟ್ಟ. ಎಂಥ ಧಾರಾಳದ ಮನುಷ್ಯ ಅಂತ ದಾರಿಯುದ್ದಕ್ಕೂ ಹೊಗಳಿದೆ. ಮನೆಗೆ ಬಂದು ಸುರಿದು ನೋಡಿದರೆ ಎಲ್ಲಾ ಪಾಲಿಯೆಸ್ಟರು, ಜರಿ, ಮಿಣಿಮಿಣಿ ಚುಕ್ಕಿ. ಕಸದ ಗಾಡಿಯವರು ಒಲ್ಲೆ ಅಂದದ್ದನ್ನು ನನ್ನ ಮರಿಮಗಳ ಹೆಸರಿನಲ್ಲಿ ಸಾಗಹಾಕಿದ್ದ. ಬಿಸಾಡೋಣ ಅಂದರೆ, ಮೊದಲೇ ಹೇಳಿದೆನಲ್ಲ, ಕೈ ಬರುವುದಿಲ್ಲ. ಗಂಟು ಎರಡಾಯಿತು. ಕೊನೆಗೆ ಗಿರಿಜಾ ಅಂಗಡಿಗೆ ಹೋಗಿ ಡಿಸೈನಿನ ಬಣ್ಣದ್ದೇ ಹೊಸ ಬಟ್ಟೆ ತಂದಳು. ಇಬ್ಬರೂ ನೆಲದ ಮೇಲೆ ಕೂತು ಆ ಚಂದದ ಹೊಸ ಬಟ್ಟೆಯನ್ನು ಕತ್ತರಿಸಿ ಚೂರು ಮಾಡಿದೆವು. ಕೂಸಿನ ಮೈಗೆ ಹೊಸ ಬಟ್ಟೆ ಬೇಡ ಅಂದವಳು ನಾನೇ, ಕತ್ತರಿ ಹಿಡಿದವಳೂ ನಾನೇ. ಮೂಲೆ ಕತ್ತರಿಸಿ ಉಳಿದ ಚೂರಿನ ಚೂರನ್ನೆಲ್ಲ ಎತ್ತಿಟ್ಟೆ. ಹೊಸ ಬಟ್ಟೆ ಸಾಲದೆ ಬಂದ ಕಡೆ ಟೈಲರನ ಪಾಲಿಯೆಸ್ಟರನ್ನೂ ಹಚ್ಚಿದೆ.

ಹೊಲಿಗೆಯ ವಿಷಯ ಹೇಳಿಕೊಳ್ಳುವಂಥದ್ದಲ್ಲ. ಹಳೇ ಕೌದಿಯಲ್ಲಿ ಒಂದು ಚೂರು ಓರೆಯಾದರೆ ಪಕ್ಕದ್ದು ಅದನ್ನು ಮುಚ್ಚಿಕೊಳ್ಳುತ್ತದೆ, ಒಂದೇ ಮನೆಯ ಜನರ ಹಾಗೆ. ಈ ನಕ್ಷತ್ರದಲ್ಲಿ ಹಾಗಿಲ್ಲ. ಒಂದು ಎಸಳು ನೂಲಿನಷ್ಟು ತಪ್ಪಿದರೆ ಎಲ್ಲಾ ಎಸಳೂ ಮುನಿಸಿಕೊಳ್ಳುತ್ತವೆ. ಅಂಚಿನಿಂದ ಹೊಲಿಯುತ್ತಾ ನಡುವಿಗೆ ಬರುವಷ್ಟರಲ್ಲಿ ನಕ್ಷತ್ರ ಪೂರಿಯ ಹಾಗೆ ಉಬ್ಬಿ ಕೂತಿತ್ತು. ಬಿಚ್ಚಿ ಹೊಲಿದೆ, ಇನ್ನೂ ಉಬ್ಬಿತು. ಒರಳುಗುಂಡು ಹೇರಿ ಇಟ್ಟೆ. ತೆಗೆದ ಮೇಲೆ ನಿಧಾನಕ್ಕೆ ಎದ್ದಿತು. ನಮ್ಮ ಅಳಿಯಂದಿರು ಬಹಳ ಮರ್ಯಾದಸ್ಥರು. ಸುತ್ತಲೂ ಒಂದು ಬಾರಿ ನಡೆದು ನೋಡಿ, "ಅತ್ತೆ, ಒಳಗೆ ಮಗುವಿಗೆ ದಿಂಬೂ ಇಟ್ಟೇ ಹೊಲಿದ್ರಾ?" ಅಂದರು. ನಾನು ಹೂಂ ಅಂದೆ. ಇನ್ನೇನು ಅನ್ನಲಿ? ಕತ್ತರಿ ತೆಗೆದುಕೊಂಡು ಎಲ್ಲಾ ಕತ್ತರಿಸಿಬಿಡೋಣ ಅಂತ ಕೈ ಚಾಚಿದೆ. ಕತ್ತರಿಸಿದರೆ ಮತ್ತೆ ಚೂರು, ಮತ್ತೆ ಗಂಟು ಅಂತ ನೆನಪಾಗಿ ಕೈ ಹಿಂದಕ್ಕೆ ತೆಗೆದೆ.

ತೊಟ್ಟಿಲ ಶಾಸ್ತ್ರಕ್ಕೆ ಇನ್ನು ಎರಡು ದಿನ ಅನ್ನುವಾಗ ನಡುವಿನ ಕೊನೆಯ ಚೂರಿಗೆ ಬಂದೆ. ನಮ್ಮ ಕಡೆ ಒಂದು ಪದ್ಧತಿ. ಆ ಕೊನೆಯ ಚೂರು ಮುಚ್ಚುವ ಮೊದಲು ಅದರ ಕೆಳಗೆ ಒಂದಿಷ್ಟು ರೊಟ್ಟಿ ಮುರಿದು ಇಡಬೇಕು. ಕೌದಿಯ ಹೊಟ್ಟೆ ತುಂಬಿಸುವುದು ಅಂತ ಅದಕ್ಕೆ ಹೆಸರು. ಕೌದಿ ಹಸಿದಿದ್ದರೆ ಹೊದ್ದವರೂ ಹಸಿದಿರುತ್ತಾರೆ. ನಮ್ಮವ್ವ ಇಡುತ್ತಿದ್ದದ್ದು ಕಟಕಟ ಅನ್ನುವ ಜೋಳದ ಕಡಕ್ ರೊಟ್ಟಿ. ಇರುವೆ ಕೂಡ ಅದರ ತಂಟೆಗೆ ಬರುತ್ತಿರಲಿಲ್ಲ. ಅವತ್ತು ನಮ್ಮನೆಯಲ್ಲಿ ಹೋಳಿಗೆ ಮಾಡಿದ್ದರು. ಕೌದಿಯಂತೂ ಚಂದ ಬರಲಿಲ್ಲ, ಊಟವಾದರೂ ಚಂದ ಇರಲಿ, ಮರಿಮಗಳಿಗೆ ಯಾಕೆ ಒಣರೊಟ್ಟಿ ಅಂತ ಒಂದು ತುಂಡು ಹೋಳಿಗೆ ಇಟ್ಟೆ. ಮೇಲೆ ಒಂದು ಚಮಚ ತುಪ್ಪ ಬಿಟ್ಟು ಹೊಲಿದೆ.

ಮಾರನೇ ದಿನ ಬೆಳಿಗ್ಗೆ ಗಿರಿಜಾ ಕರೆದಳು. "ಅವ್ವಾ, ಡಿಸೈನಿನಲ್ಲಿ ಈ ಕಪ್ಪು ಗೆರೆ ಇರಲಿಲ್ವಲ್ಲ?"

ಗೆರೆ ನಡೆಯುತ್ತಿತ್ತು. ಕಿಟಕಿಯಿಂದ ಇಳಿದು, ಮಂಚ ಹತ್ತಿ, ಪುದೀನಾ ಎಸಳು ದಾಟಿ ನೇರ ನಕ್ಷತ್ರದೊಳಕ್ಕೆ. ಹೋಳಿಗೆ ತೆಗೆದೆವು, ಕೊಡವಿದೆವು, ತಾರಸಿಯ ಬಿಸಿಲಿಗೆ ಹಾಕಿದೆವು. ಆದರೆ ಬಾಣಂತಿ ಕೋಣೆಯಿಂದ ಅಷ್ಟರಲ್ಲಿ ಡಾಕ್ಟರಿಗೆ ಫೋನು ಹೋಗಿತ್ತು, ಇರುವೆ ಕಚ್ಚಿದರೆ ಏನು ಮಾಡೋದು ಅಂತ. ಆ ಡಾಕ್ಟರಮ್ಮ ಇರುವೆಯ ಮಾತು ಬಿಟ್ಟು, ಕೌದಿ ಅಂದರೇನು ಅಂತ ವಿಚಾರಿಸಿದರಂತೆ. ಕೂಸು ಮಲಗುವ ಕಡೆ ಕೌದಿ, ರಗ್ಗು, ದಿಂಬು ಏನೂ ಇರಬಾರದು, ಸಪಾಟಾದ ಹಾಸಿಗೆ, ಬಿಗಿಯಾದ ಒಂದು ಬಟ್ಟೆ, ಅಷ್ಟೇ ಅಂದರಂತೆ.

"ಸಾರಿ ಅಜ್ಜಿ," ಅಂದಳು ಪಲ್ಲವಿ.

ಹೋಳಿಗೆ ಇಡದೆ ಇದ್ದಿದ್ದರೆ ಇರುವೆ ಇಲ್ಲ, ಇರುವೆ ಇಲ್ಲದಿದ್ದರೆ ಫೋನಿಲ್ಲ. ನನ್ನ ಕೈಯಾರೆ ತುಪ್ಪ ಬಿಟ್ಟು ಕೆಡಿಸಿಕೊಂಡೆ. ಶಾಸ್ತ್ರದ ದಿನ ಕೂಸು ಬರೀ ಹಾಸಿಗೆಯ ಮೇಲೆ ಮಲಗಿತು. ಜನ ಹಾಡಿದರು, ತೊಟ್ಟಿಲು ತೂಗಿದರು. "ಎಲ್ಲಿ ನಿಮ್ಮ ಕೌದಿ?" ಅಂತ ಸುಮಿತ್ರಮ್ಮ ಎಲ್ಲರೆದುರು ಕೇಳಿದರು. "ಬಿಸಿಲಿಗೆ ಹಾಕೀವಿ," ಅಂದೆ. ಹೊರಗೆ ಮೋಡ ಕವಿದಿತ್ತು.

ಆಮೇಲೆ ನಾಲ್ಕು ದಿನ ನಾನು ಆ ಡಾಕ್ಟರನ್ನು ಬೈದೆ. ಇಡೀ ಹಾವೇರಿ ಜಿಲ್ಲೆ ಕೌದಿಯ ಮೇಲೆ ಮಲಗಿಯೇ ದೊಡ್ಡದಾಗಿದೆ, ಇವಳು ಯಾವ ಊರವಳು ಅಂದೆ. ಊಟ ಕಡಿಮೆ ಮಾಡಿದೆ. ಗಿರಿಜಾಳಿಗೆ ನೋಡಲಾಗಲಿಲ್ಲ. ಒಂದು ಮಧ್ಯಾಹ್ನ ಕೌದಿ ತಂದು ನನ್ನ ಮಂಚದ ಮೇಲೆ ಹಾಸಿ, "ಬೇಜಾರು ಮಾಡ್ಕೋಬೇಡ ಅವ್ವಾ, ನೀನೇ ಮಲಕ್ಕೋ," ಅಂದಳು. ಮಲಗಿದೆ. ನಕ್ಷತ್ರ ಸೀದಾ ಬೆನ್ನಿನ ಮೂಳೆಗೆ ಬಂತು. ಎಡಕ್ಕೆ ಹೊರಳಿದರೆ ದಾರದ ಗಂಟುಗಳು ಜಲ್ಲಿ ಕಲ್ಲಿನ ಹಾಗೆ ಒತ್ತಿದವು, ಬಲಕ್ಕೆ ಹೊರಳಿದರೆ ಪಾಲಿಯೆಸ್ಟರಿಗೆ ತೋಳು ಬೆವೆತು ಅಂಟಿಕೊಂಡಿತು. ಆ ಡಾಕ್ಟರಮ್ಮ ಕಣ್ಣಿನಿಂದ ನೋಡದೆ, ಫೋನಿನಲ್ಲೇ ಈ ಕೌದಿಯನ್ನು ಅಷ್ಟು ಸರಿಯಾಗಿ ಹೇಗೆ ತಿಳಿದುಕೊಂಡರೋ.

ಬಾಗಿಲಲ್ಲಿ ನಿಂತು ಗಿರಿಜಾ ಕೇಳಿದಳು, "ಹೆಂಗಿದೆ ಅವ್ವಾ?"

"ಹೂವಿನ ಮೇಲೆ ಮಲಗಿದಂಗಿದೆ," ಅಂದೆ.

ಅವತ್ತಿನಿಂದ ಅವಳು ದಿನಾ ಮಧ್ಯಾಹ್ನ ಮರೆಯದೆ ಅದನ್ನು ಕೊಡವಿ, ಸುಕ್ಕಿಲ್ಲದ ಹಾಗೆ ಎಳೆದು ಹಾಸುತ್ತಾಳೆ. ಪಕ್ಕದ ಕೋಣೆಯಲ್ಲಿ ಕೂಸು ಸಪಾಟು ಹಾಸಿಗೆಯ ಮೇಲೆ ಗೊರಕೆ ಹೊಡೆಯುತ್ತಿರುತ್ತದೆ. ನಾನು ಇಲ್ಲಿ ಹೊರಳದೆ, ಕಣ್ಣು ಮುಚ್ಚಿಕೊಂಡು, ಗಾಢ ನಿದ್ದೆ ಬಂದವಳ ಹಾಗೆ ಬಿದ್ದಿರುತ್ತೇನೆ. ಗಿರಿಜಾ ಆಗಾಗ ಇಣುಕಿ ನೋಡುತ್ತಾಳೆ.