ಮಂಜುಗಡ್ಡೆಯೇ ಗುಡಿಸಲನ್ನು ಬಿಟ್ಟು ಹೋದ ಬಗ್ಗೆ

ಇಂದ:
ಹೆಲ್ವಿ ರೌಟಿಯೋ,
ನಿವೃತ್ತ ಶಾಲಾ ಬಸ್ ಚಾಲಕಿ,
ಕಂಗಾಸ್ ಸರೋವರದ ಪೂರ್ವ ದಂಡೆ, ಉತ್ತರ ಒಂಟಾರಿಯೊ.

ಗೆ:
ಮುಖ್ಯಾಧಿಕಾರಿಗಳು,
ಮೀನುಗುಡಿಸಲು ನಿಯಂತ್ರಣ ಕಛೇರಿ,
ಅದೇ ಸರೋವರದ ಪಶ್ಚಿಮ ದಂಡೆ.

ವಿಷಯ: ಮೀನುಗುಡಿಸಲು ನಂ. 114 ಅನ್ನು ಒಡೆದುಹಾಕದಿರುವ ಬಗ್ಗೆ ಹಾಗೂ ತಮ್ಮ ಕಛೇರಿಯ ಹಿತ್ತಲಿನ ಅಂಗಳವನ್ನು ಮಂಜುಗಡ್ಡೆಯೆಂದು ಪರಿಗಣಿಸುವ ಬಗ್ಗೆ.

ಉಲ್ಲೇಖ: 1. ಅರ್ಜಿದಾರಳ ಬಾಗಿಲಿಗೆ ತಾವು ಅಂಟಿಸಿದ ನೋಟಿಸು.
2. ಅದು ಗಾಳಿಗೆ ಹಾರಿಹೋದ ಮೇಲೆ ಮತ್ತೆ ಅಂಟಿಸಿದ ಅದೇ ನೋಟಿಸು.
3. ಗುಡಿಸಲಿನೊಳಗೆ ಅರ್ಜಿದಾರಳ ಅಪ್ಪ ಮೊಳೆ ಹೊಡೆದ ಹಲಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಸದರಿ ಗುಡಿಸಲನ್ನು ಅರ್ಜಿದಾರಳ ಅಪ್ಪ ತನ್ನ ಕೈಯಾರೆ ಕಟ್ಟಿದ್ದು, ಒಳಗೆ ಎರಡು ಸ್ಟೂಲು, ಒಂದು ಕಬ್ಬಿಣದ ಒಲೆ ಮತ್ತು ಗಾಳ ಇಳಿಬಿಡಲು ನೆಲದಲ್ಲೊಂದು ಕಿಂಡಿ ಇರುತ್ತವೆ. ಸರೋವರ ಹೆಪ್ಪುಗಟ್ಟಿದ ಮೇಲೆ ಗುಡಿಸಲನ್ನು ಅದರ ಮೇಲಕ್ಕೆ ಎಳೆದೊಯ್ದು, ಮಾರ್ಚ್ 31ರೊಳಗೆ ದಡಕ್ಕೆ ತರತಕ್ಕದ್ದೆಂಬುದು ತಮ್ಮ ನಿಯಮ. ಅಪ್ಪನ ಕಾಲದಲ್ಲಿ ಆ ತಾರೀಖಿಗೆ ಸರೋವರದ ಮೇಲೆ ಮರದ ದಿಮ್ಮಿ ತುಂಬಿದ ಲಾರಿ ಓಡುತ್ತಿತ್ತು. ಕಾಲ ಬದಲಾಗಿದೆ, ತಾರೀಖು ಮಾತ್ರ ಬಂಡೆಯಂತೆ ಕೂತಿದೆ.

2. ಅರ್ಜಿದಾರಳಿಗೆ ಟೌನೋ ಎಂಬ ಒಬ್ಬನೇ ತಮ್ಮನಿದ್ದು, ಅವನು ಆಲ್ಬರ್ಟಾದಲ್ಲಿ ಹದಿನೆಂಟು ವರ್ಷ ಡಾಂಬರು ಮರಳನ್ನು ಅಗೆದು ಎಣ್ಣೆ ತೆಗೆದು ಊರಿಗೆ ಮರಳಿದವನು. ಅರ್ಜಿದಾರಳಾದರೋ ಎಣ್ಣೆ ಪೈಪು ಬೇಡವೆಂದು ಮನೆಮನೆಗೆ ಹೋಗಿ ಸಹಿ ಸಂಗ್ರಹಿಸುವವಳು. ಹೀಗೆ ಎಣ್ಣೆ ಸೀಗೆಕಾಯಿಯಂತಿದ್ದ ಮಕ್ಕಳನ್ನು ನೋಡಿ ನೋಡಿ ಸಾಕಾಗಿ ಅಪ್ಪ ಗುಡಿಸಲಿನೊಳಗೆ ಒಂದು ಹಲಗೆ ಹೊಡೆದನು: "ಇಲ್ಲಿ ರಾಜಕೀಯ ಮಾತಾಡಿದವರು ಎದ್ದು ಹೊರಗೆ ಹೋಗಿ ಒಂದು ಹೊಸ ತೂತು ಕೊರೆದು ಬರತಕ್ಕದ್ದು." ಕೊರೆಯುವ ದೊಡ್ಡ ಬೈರಿಗೆಯನ್ನು ಬಾಗಿಲ ಪಕ್ಕದಲ್ಲೇ ಒರಗಿಸಿಟ್ಟನು.

3. ನಿಯಮ ಹೇಗೆ ಪಾಲನೆಯಾಗುತ್ತಿತ್ತೆಂಬುದಕ್ಕೆ ಒಂದು ನಿದರ್ಶನ:

"ಎಣ್ಣೆ ಬೇಡ ಅಂತೀಯಲ್ಲ, ನಿನ್ನ ಬಸ್ಸೇನು ನೀರು ಕುಡಿದು ಓಡ್ತಿತ್ತೇನೇ ಅಕ್ಕಾ?"

"ಅದೇ ಬಸ್ಸಲ್ಲಿ ನಿನ್ನ ಮಗಳನ್ನ ಶಾಲೆಗೆ ಬಿಟ್ಟವಳೂ ನಾನೇ ಕಣೋ. ಆಗ ಇಲ್ಲದ ನಾಲಿಗೆ ಈಗೆಲ್ಲಿಂದ ಬಂತು?"

ಇಬ್ಬರೂ ಎದ್ದು ಹೋಗಿ ತಲೆಗೊಂದು ತೂತು ಕೊರೆದು, ಬೆವರೊರೆಸಿಕೊಂಡು ಬಂದು ಕಾಫಿ ಕುಡಿದರು. ಚುನಾವಣೆಯ ವರ್ಷಗಳಲ್ಲಿ ಗುಡಿಸಲಿನ ಸುತ್ತ ಸರೋವರ ಜರಡಿಯಾಗುತ್ತಿತ್ತು. ಇಂಗಾಲದ ತೆರಿಗೆ ಬಂತು, ಇಂಗಾಲದ ತೆರಿಗೆ ಹೋಯಿತು, ತೂತುಗಳು ನಿಲ್ಲಲಿಲ್ಲ. ಅಪ್ಪ ತೀರಿಕೊಂಡ ಮೇಲೂ ನಿಲ್ಲಲಿಲ್ಲ.

4. ಕಳೆದ ಬೇಸಿಗೆ ಸುತ್ತಲ ಕಾಡು ಹೊತ್ತಿ ಉರಿದು, ಹೊಗೆಗೆ ಸೂರ್ಯ ಕಾಣದಂತಾಗಿ, ಎಲ್ಲೂ ಬೆಂಕಿ ಹಚ್ಚಕೂಡದೆಂದು ಸರ್ಕಾರದ ಆದೇಶವಾಗಿತ್ತು. ಆದಾಗ್ಯೂ ಟೌನೋ, "ನಮ್ಮ ಮುತ್ತಜ್ಜನ ಕಾಲದಿಂದ ಬಂದ ಪದ್ಧತಿ, ಬಿಡೋದುಂಟಾ?" ಎಂದು ನಡುಬೇಸಿಗೆ ಹಬ್ಬದ ದೊಡ್ಡ ಬೆಂಕಿಯನ್ನು ದಡದ ಮೇಲೆ ಹಚ್ಚಿದನು. ಅರ್ಜಿದಾರಳು ಅಗ್ನಿಶಾಮಕ ದಳಕ್ಕೆ ಫೋನು ಮಾಡಿದಳು. ಹಬ್ಬಕ್ಕೆ ಬಂದ ನೆಂಟರೆಲ್ಲ ತೊಯ್ದು ತೊಪ್ಪೆಯಾದರು. ಇದಕ್ಕೆ ಅರ್ಜಿದಾರಳಿಗೆ ಈಗಲೂ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ. ಆ ದಿನದಿಂದ ತಮ್ಮನು ನೆಲದ ಮೇಲೆ ಅಕ್ಕನೊಡನೆ ಮಾತು ಬಿಟ್ಟನು. "ಮಾತೇನಿದ್ರೂ ಗುಡಿಸಲಲ್ಲೇ" ಎಂದು ಮಗಳ ಕೈಲಿ ಹೇಳಿಕಳಿಸಿದನು. ಆದ್ದರಿಂದ ಗುಡಿಸಲು ಹೋದರೆ ಅರ್ಜಿದಾರಳಿಗೆ ಇರುವ ಒಬ್ಬ ತಮ್ಮನೂ ಹೋದಂತೆಯೇ ಎಂಬುದನ್ನು ದಯಮಾಡಿ ಗಮನಿಸುವುದು.

5. ಅರ್ಜಿದಾರಳು ಚಳಿಗಾಲಕ್ಕಾಗಿ ಚಾತಕಪಕ್ಷಿಯಂತೆ ಕಾದಳು. ಕ್ರಿಸ್‌ಮಸ್ಸಿಗೆ ಮಳೆ ಬಂತು. ಸರೋವರ ಫೆಬ್ರವರಿಯಲ್ಲಿ ಒಲ್ಲದ ಮನಸ್ಸಿನಿಂದ ಹೆಪ್ಪುಗಟ್ಟಿತು. ಗುಡಿಸಲು ಇಳಿಸಿ, ಅಕ್ಕತಮ್ಮ ಕೂತು, ಮೊದಲ ದಿನ ಮೀನಿನ ಬಗ್ಗೆ ನಾಲ್ಕು ಮಾತಾಡಿದರು. ಎರಡನೆಯ ದಿನ ಇನ್ನೂ ನಾಲ್ಕು. ಬೆಂಕಿಯ ವಿಷಯ ನಾಲಿಗೆಯ ತುದಿಗೆ ಬರುವಷ್ಟರಲ್ಲಿ, ಮಾರ್ಚ್ ಮೊದಲ ವಾರದಲ್ಲೇ, ಒಂದು ಬೆಚ್ಚಗಿನ ಗಾಳಿ ಬೀಸಿ ಮಂಜುಗಡ್ಡೆ ಒಡೆಯಿತು. ಗುಡಿಸಲು ತೇಲಿಕೊಂಡು ಹೋಗಿ, ಬೇರೆಲ್ಲೂ ಜಾಗ ಸಿಗದೆ, ತಮ್ಮ ಕಛೇರಿಯ ದೋಣಿಕಟ್ಟೆಗೇ ಬಂದು ಶರಣಾಯಿತು.

6. ತಾವು ಅದನ್ನು ಎತ್ತಿ ಹಿತ್ತಲಿನ ಡಾಂಬರು ಅಂಗಳದಲ್ಲಿಟ್ಟು, ನೋಂದಣಿಯಿಲ್ಲದ ದೋಣಿ ತೇಲಿಬಿಟ್ಟಿದ್ದು, ಅದರಲ್ಲಿ ಜೀವರಕ್ಷಕ ಅಂಗಿ ಇಡದಿದ್ದುದು ಮತ್ತು ಗುಡಿಸಲನ್ನು ದಡಕ್ಕೆ ತರದಿದ್ದುದು ಎಂಬ ಮೂರು ಆರೋಪ ಹೊರಿಸಿ, ತಿಂಗಳ ಕೊನೆಗೆ ಒಡೆದುಹಾಕುವುದಾಗಿ ನೋಟಿಸು ನೀಡಿರುತ್ತೀರಿ. ಗುಡಿಸಲು ಮಂಜುಗಡ್ಡೆಯನ್ನು ಬಿಟ್ಟು ಬರಲು ಮಾರ್ಚ್ 31ರವರೆಗೆ ಕಾಲಾವಕಾಶವಿತ್ತು. ಮಂಜುಗಡ್ಡೆಯೇ ಮೊದಲು ಬಿಟ್ಟು ಹೋದರೆ ತಪ್ಪು ಯಾರದು? ಈ ಬಗ್ಗೆ ತಮ್ಮ ಕಛೇರಿಯ ಶ್ರೀ ಗಾರ್ತ್ ಪೆಂಡರ್ ಅವರನ್ನು ವಿಚಾರಿಸಲಾಗಿ, "ಏನ್ ಮಾಡೋದಮ್ಮಾ, ನಿಯಮ ನಿಯಮಾನೇ" ಎಂದರು. "ನಿಮ್ಮ ನಿಯಮಕ್ಕೆ ಈಜು ಬರುತ್ತೇನಪ್ಪಾ?" ಎಂದು ಅರ್ಜಿದಾರಳು ಕೇಳಿದ್ದಕ್ಕೆ ಅವರು ನಿಯಮಗಳ ಪುಸ್ತಕ ತೆರೆದು ಹುಡುಕತೊಡಗಿದರು.

7. ಕಾರಣ, ಕಳೆದ ಮಂಗಳವಾರ ಅರ್ಜಿದಾರಳು ಗುಡಿಸಲಿನ ಮುಖ ಕೊನೆಯ ಸಲ ನೋಡಿ ಬರೋಣವೆಂದು ಏಲಕ್ಕಿ ಬ್ರೆಡ್ಡು ಕಟ್ಟಿಕೊಂಡು ತಮ್ಮ ಹಿತ್ತಲಿಗೆ ಬಂದಳು. ನೋಡಿದರೆ ಹೊಗೆಕೊಳವೆಯಲ್ಲಿ ಹೊಗೆ! ಬಾಗಿಲು ತೆಗೆದರೆ ಟೌನೋ ತನ್ನ ಸ್ಟೂಲಿನ ಮೇಲೆ ಕೂತು ಕಿಂಡಿಯೊಳಗೆ ಗಾಳ ಇಳಿಬಿಟ್ಟಿದ್ದಾನೆ.

"ಬಾಗಿಲು ಹಾಕೇ ಅಕ್ಕಾ, ಮೀನು ಹೆದರ್ಕೊಳ್ಳುತ್ತೆ."

"ಯಾವ ಮೀನೋ? ಕೆಳಗೆ ಡಾಂಬರು ಕಣೋ!"

"ಅದಕ್ಕೇ ಇವತ್ತು ಅಷ್ಟಾಗಿ ಕಚ್ತಿಲ್ಲ."

ಅರ್ಜಿದಾರಳು ಕೂತಳು. ಬ್ರೆಡ್ಡು ಮುರಿದು ಅರ್ಧ ಕೊಟ್ಟಳು. ಆಮೇಲೆ ತಮ್ಮನು ಗಾಳದ ದಾರವನ್ನೇ ನೋಡುತ್ತ, "ಅಕ್ಕಾ, ಮುಂಚಿನ ಥರದ ಐಸು ಇನ್ನು ಬರಲ್ಲ ಅನ್ಸುತ್ತೆ ಕಣೇ. ನೀನು ಹೇಳ್ತಿದ್ದಿದ್ದು ನಿಜಾನೇ ಇರ್ಬೇಕು" ಎಂದನು.

ಇಷ್ಟು ವರ್ಷ ಈ ಮಾತು ಕೇಳಬೇಕೆಂದು ಹಂಬಲಿಸಿದವಳಿಗೆ, ಕೇಳಿದಾಗ ಗೆದ್ದ ಖುಷಿಯಾಗಲಿಲ್ಲ, ಕಣ್ಣಲ್ಲಿ ನೀರು ಬಂತು. ಇದನ್ನು ಕಡತಕ್ಕೆ ಸೇರಿಸಬೇಕಾಗಿಲ್ಲ. ಆದರೂ ಹಲಗೆಯ ನಿಯಮ ಯಾರನ್ನೂ ಬಿಡದು.

"ಅದು ರಾಜಕೀಯ ಕಣೋ."

"ಅಯ್ಯೋ, ಹವಾಮಾನದ ವಿಷಯ ಅಲ್ವೇನೇ?"

"ಈ ದೇಶದಲ್ಲಿ ಎರಡೂ ಒಂದೇ. ಏಳು, ಬೈರಿಗೆ ತಗೋ."

8. ತಮ್ಮ ಅಂಗಳದ ಡಾಂಬರಿನಲ್ಲಿ ಮೊನ್ನೆ ಕಂಡುಬಂದ ತೂತಿನ ಹಿನ್ನೆಲೆ ಇದೇ ಆಗಿರುತ್ತದೆ. "ಹದಿನೆಂಟು ವರ್ಷ ಡಾಂಬರೇ ಅಗೆದಿದ್ದೀನಿ, ಇದೇನ್ ಮಹಾ" ಎಂದು ಹೊರಟವನು ಬೈರಿಗೆಯ ಅಲಗು ಹಾಳಾದರೂ ಬಿಡಲಿಲ್ಲ. ಶ್ರೀ ಪೆಂಡರ್ ಅವರು ಓಡಿಬಂದು, "ಏನ್ರೀ ಇದು?" ಎಂದಾಗ ತಮ್ಮನು ಬೆವರೊರೆಸಿಕೊಳ್ಳುತ್ತ, "ರಾಜಕೀಯ" ಎಂದಷ್ಟೇ ಉತ್ತರಿಸಿದನು.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ಗುಡಿಸಲು ನಂ. 114 ಅನ್ನು ಒಡೆಯದೆ ಇದ್ದಲ್ಲೇ ಇರಗೊಡಬೇಕೆಂದೂ, ಸರೋವರದ ಮೇಲೆ ಮೊದಲಿನಂತೆ ಮಂಜುಗಡ್ಡೆ ಲಭ್ಯವಾಗುವವರೆಗೆ ತಮ್ಮ ಅಂಗಳವನ್ನೇ ಮಂಜುಗಡ್ಡೆಯೆಂದು ಆದೇಶಿಸಬೇಕೆಂದೂ, ಜೀವರಕ್ಷಕ ಅಂಗಿಯಿಂದ ವಿನಾಯಿತಿ ನೀಡಬೇಕೆಂದೂ ಪ್ರಾರ್ಥನೆ.

ತಮ್ಮ ನಿಯಮಗಳಲ್ಲಿ ಅಲ್ಲದಿದ್ದರೂ ತಮ್ಮಲ್ಲಿ ವಿಶ್ವಾಸವುಳ್ಳ,
ಹೆಲ್ವಿ ರೌಟಿಯೋ

ಅಡಕಗಳು:
1. ಹಲಗೆಯ ಬರಹದ ನಕಲು.
2. ಬೈರಿಗೆಯ ಮುರಿದ ಅಲಗು.
3. ಏಲಕ್ಕಿ ಬ್ರೆಡ್ಡು, ಶ್ರೀ ಪೆಂಡರ್ ಅವರಿಗೆ (ಇದು ಲಂಚವಲ್ಲ).

ವಿ.ಸೂ.: ತಮ್ಮನು ತೂತು ಕೊರೆದು ಒಳಗೆ ಬಂದ ಮೇಲೆ ಅರ್ಜಿದಾರಳು ತಡೆಯಲಾರದೆ, "ನನ್ನ ಬಸ್ಸೂ ನಿನ್ನ ಎಣ್ಣೆ ಕುಡಿದೇ ಓಡಿದ್ದು ಕಣೋ" ಎಂದುಬಿಟ್ಟಳು. ತಮ್ಮನು ಹಲಗೆಯ ಕಡೆ ಬೆರಳು ತೋರಿಸಿದನು. ಆದಕಾರಣ ಅರ್ಜಿದಾರಳ ಪಾಲಿನ ತೂತು ಬಾಕಿಯಿದ್ದು, ತಮ್ಮ ಕಾರು ನಿಲ್ಲದ ಒಂದು ಜಾಗವನ್ನು ತಾವೇ ಗುರುತು ಮಾಡಿಕೊಡಬೇಕಾಗಿ ವಿನಂತಿ. ಹೊಸ ಅಲಗು ತಮ್ಮನೇ ತರುತ್ತಾನಂತೆ.