ದ್ರಾಕ್ಷಿ ಅಂತ ಮಾತ್ರ ಹೇಳಬಾರದು

ವರ್ದೆ: ಸುಳ್ಳು ಹೇಳ್ಬೇಡ ತನ್ನೂಸ್. ನಿನ್ನ ಮೂಗು ಹೋಗಿ ಹನ್ನೊಂದು ದಿನ ಆಯ್ತು.

ತನ್ನೂಸ್: ಇಲ್ಲೇ ಇದೆಯಲ್ಲ, ಕಾಣಲ್ವಾ?

ವರ್ದೆ: ಇರೋದು ಕಾಣತ್ತೆ, ಕೆಲಸ ಮಾಡೋದು ಕಾಣ್ತಿಲ್ಲ. ಬೇಕಂತಲೇ ಮೂರು ಸಲ ಸೀದ ಬೇಳೆ ಅನ್ನ ಬಡಿಸಿದೆ. ಮೂರು ಸಲವೂ ನೀನು ಹೊಗಳಿ ‘ನಿನ್ನ ಕೈ ಸುಖವಾಗಿರಲಿ’ ಅಂದೆ. ಒಂದು ಹರಳು ಉಪ್ಪು ಹೆಚ್ಚಾದ್ರೆ ತಟ್ಟೆ ಸರಿಸೋ ಮನುಷ್ಯ ನೀನು.

ಝಹ್ಲೆ ಊರಿನ ಮೇಲಿನ ಗುಡ್ಡದ ರೆಸಾರ್ಟಿನಲ್ಲಿ ವರ್ದೆ ಅಡುಗೆಯವಳು, ಗಂಡ ತನ್ನೂಸ್ ವೈನ್ ಪಂಡಿತ. ಆಯಾ ಕಾಲದ ಅಡುಗೆಗೆ ಕಣಿವೆಯ ಯಾವ ವೈನ್ ಒಪ್ಪುತ್ತದೆಂದು ಮೂಸಿ ನೋಡಿ, ಅತಿಥಿಗಳ ಮುಂದೆ ವರ್ಣಿಸುವುದು ಅವನ ಹೊಟ್ಟೆಪಾಡು. ಸೇಬಿನ ತೋಟಗಳು ಹೂಬಿಟ್ಟ ವಾರವೇ ಅವನಿಗೆ ನೆಗಡಿ ಹಿಡಿಯಿತು. ಹೋದ ಶನಿವಾರ ಒಂಬತ್ತು ಲೋಟ ತುಂಬಿದ ಹಾಗೇ ವಾಪಸು ಬಂದವು. ಇವತ್ತೂ ಹಾಗಾದರೆ ಬೈರೂತಿನಿಂದ ಬೇರೆಯವನನ್ನು ಕರೆಸುತ್ತೇನೆಂದು ಯಜಮಾನ ಇಸ್ಕಂದರ್ ಹೇಳಿಬಿಟ್ಟಿದ್ದರು. ಹೂವಿನ ಕಾಲಕ್ಕೆ ಸರಿಯಾಗಿ ಮೂಗು ಕಳೆದುಕೊಂಡ ತನ್ನ ಜಾಣತನಕ್ಕೆ ತನ್ನೂಸನಿಗೇ ನಗು ಬರುತ್ತಿತ್ತು. ನಕ್ಕರೆ ಮೂಗು ಸೋರುತ್ತಿತ್ತು.

ತನ್ನೂಸ್: ಆಯ್ತು, ಮೂಗಿಲ್ಲ. ಈಗೇನು, ಊರಿಗೆಲ್ಲ ಡಂಗುರ ಹೊಡೀತೀಯಾ?

ವರ್ದೆ: ಇವತ್ತು ನನ್ನ ಆರ್ಟಿಚೋಕಿಗೆ ಯಾವ ವೈನ್ ಕೊಡ್ತೀಯ, ಅದು ಹೇಳು.

ತನ್ನೂಸ್: ಆ ಕೆಂಪು. ಲೇಬಲ್ ಚೆನ್ನಾಗಿದೆ.

ವರ್ದೆ ಬೇಯಿಸಿದ ಆರ್ಟಿಚೋಕ್ ತರಕಾರಿಯ ಮೊಗ್ಗಿನಿಂದ ಒಂದು ಎಸಳು ಕಚ್ಚಿ, ಮೇಲೆ ಒಂದು ಗುಟುಕು ಕುಡಿದಳು.

ವರ್ದೆ: ದೇವರೇ, ಕಲಾಯಿ ಹೋದ ತಾಮ್ರದ ಪಾತ್ರೆ ನೆಕ್ಕಿದ ಹಾಗಿದೆ. ಹೋದ ಶನಿವಾರ ಇದನ್ನೇ ಕೊಟ್ಯಾ?

ತನ್ನೂಸ್: ಇದನ್ನೇ.

ವರ್ದೆ: ಒಂಬತ್ತೇ ಲೋಟ ವಾಪಸು ಬಂತಾ? ಮಿಕ್ಕವರಿಗೂ ನೆಗಡಿ ಇರ್ಬೇಕು. ಆ ಬಿಳಿ ಕೊಡು ಇಲ್ಲಿ. ಹಾಂ, ಇದು ಸರಿ.

ತನ್ನೂಸ್: ಬರೀ ಸರಿ ಅಂದ್ರೆ ಸಾಲದು. ಯಾವ ಹಣ್ಣಿನ ರುಚಿ ಬರ್ತಿದೆ?

ವರ್ದೆ: ದ್ರಾಕ್ಷಿ.

ತನ್ನೂಸ್: ದ್ರಾಕ್ಷಿ ಅಂತ ಹೇಳಬಾರದು.

ವರ್ದೆ: ದ್ರಾಕ್ಷೀಲಿ ತಾನೆ ಮಾಡಿರೋದು?

ತನ್ನೂಸ್: ಸೇಬು ಅನ್ನು, ಅಂಜೂರ ಅನ್ನು, ಕುದುರೆ ಜೀನು ಅಂದ್ರೂ ನಡಿಯತ್ತೆ. ದ್ರಾಕ್ಷಿ ಅಂತ ಮಾತ್ರ ಹೇಳಬಾರದು. ಅಷ್ಟು ಎಲ್ಲರಿಗೂ ಗೊತ್ತು, ಅದಕ್ಕೆ ನಾನ್ಯಾಕೆ ಬೇಕು?

ವರ್ದೆ: ಹಾಗಾದ್ರೆ ಕೇಳು. ಈಸ್ಟರಿಗೆ ಮುಂಚೆ ಚರ್ಚಿನ ನೆಲ ತೊಳೀತೀವಲ್ಲ, ಆ ಒದ್ದೆ ಕಲ್ಲಿನ ವಾಸನೆ. ಯಾರೋ ಜೇಬಲ್ಲಿ ನಿಂಬೆಹಣ್ಣು ಇಟ್ಕೊಂಡು ಬಂದಿದಾರೆ.

ತನ್ನೂಸ್ ಅಂಗೈ ಮೇಲೆ ನೀಲಿ ಶಾಯಿಯಲ್ಲಿ ಬರೆದುಕೊಂಡ: ‘ಶಿಲಾ ಗಾಂಭೀರ್ಯ, ನಿಂಬೆಯ ಸುಳಿವು.’

ತನ್ನೂಸ್: ಆ ಕೆಂಪು ಕುರಿಮರಿ ಮಾಂಸಕ್ಕಾದ್ರೂ ಆಗತ್ತಾ?

ವರ್ದೆ: ಆಗತ್ತೆ. ಆದ್ರೆ ಅದು ನಮ್ಮ ಯಜಮಾನರ ಮಾತಿದ್ದ ಹಾಗೆ. ಬಾಯಲ್ಲಿರೋವಾಗ ಬಹಳ ದೊಡ್ಡದು, ನುಂಗೋ ಹೊತ್ತಿಗೆ ಏನೂ ಇರಲ್ಲ.

‘ಭವ್ಯ ಆರಂಭ, ವಿನಯದ ಮುಕ್ತಾಯ’ ಎಂದು ಬರೆದುಕೊಂಡ. ಮೂಗು ಇದ್ದಾಗಲೂ ಅವನು ಮಾಡುತ್ತಿದ್ದದ್ದು ಇಷ್ಟೇ, ಎಲ್ಲರಿಗೂ ಗೊತ್ತಿರುವುದನ್ನು ಯಾರಿಗೂ ಗೊತ್ತಾಗದ ಹಾಗೆ ಹೇಳುವುದು.

ಸಂಜೆ ಅತಿಥಿಗಳು ಕೂತರು. ಮಂಜುಗಡ್ಡೆಯಿಂದೆತ್ತಿದ ಬಿಳಿ ವೈನಿನ ಒದ್ದೆ ಸೀಸೆ ಹಿಡಿದು ನಿಂತ ತನ್ನೂಸ್ ಅಂಗೈ ನೋಡಿಕೊಂಡರೆ, ಅಲ್ಲಿ ಬರೀ ನೀಲಿ ನೀರು. ಪಾಂಡಿತ್ಯವೆಲ್ಲ ಮಣಿಕಟ್ಟಿನಿಂದಿಳಿದು ಅಂಗಿಯ ತೋಳಿಗೆ ಸೇರುತ್ತಿತ್ತು. ಹೆಂಡತಿಯ ಮಾತು ಬಿಟ್ಟು ಬೇರೇನೂ ನೆನಪಾಗಲಿಲ್ಲ, ಅದನ್ನೇ ಒದರಿದ. ಒದ್ದೆ ಚರ್ಚು, ಜೇಬಿನ ನಿಂಬೆ. ಜನ ನಕ್ಕರು, ಕುಡಿದರು. ಅವನಿಗೆ ಧೈರ್ಯ ಬಂತು. ಧೈರ್ಯ ಬಂದಾಗಲೇ ಅವನು ಕೆಡುತ್ತಿದ್ದದ್ದು. ಕೆಂಪು ಸುರಿಯುತ್ತ, ಯಜಮಾನರ ಮಾತಿನ ಹೋಲಿಕೆಯನ್ನೂ ಪೂರ್ತಿ ಹೇಳಿಬಿಟ್ಟ. ಯಜಮಾನರು ಮೇಜಿನ ತುದಿಯಲ್ಲೇ ಕೂತಿದ್ದರು.

ಊಟ ಮುಗಿಯುವ ಮೊದಲೇ ಅವರು ತನ್ನೂಸನ ಹಿಂದೆಯೇ ಅಡುಗೆಮನೆಗೆ ಬಂದರು.

ಇಸ್ಕಂದರ್: ಆ ಮಾತು ಯಾರದು?

ತನ್ನೂಸ್: ನಂದೇ, ಖವಾಜಾ.

ಇಸ್ಕಂದರ್: ಸುಳ್ಳು. ಇಪ್ಪತ್ತು ವರ್ಷದಲ್ಲಿ ನಿನ್ನ ಒಂದು ಮಾತೂ ನಂಗೆ ಅರ್ಥ ಆಗಿರ್ಲಿಲ್ಲ. ಇವತ್ತು ಆಯ್ತು.

ವರ್ದೆ: ನಂದು, ಖವಾಜಾ. ಇವನ ಮೂಗು ಕೆಟ್ಟಿದೆ, ರುಚಿ ನೋಡಿದ್ದು ನಾನು.

ಇಸ್ಕಂದರ್: ಒಂದು ಲೋಟವೂ ವಾಪಸು ಬಂದಿಲ್ಲ. ಅತಿಥಿಗಳು ‘ಯಜಮಾನರ ಮಾತು’ ಇನ್ನೊಂದು ಸೀಸೆ ಕೊಡಿ ಅಂತಿದಾರೆ, ನನ್ನ ಮುಖ ನೋಡ್ಕೊಂಡೇ. ಇವನ ಮೂಗು ಬರೋ ತನಕ ನೀನೇ ಹೇಳಮ್ಮ.

ಮುಂದಿನ ಶನಿವಾರ ವರ್ದೆಯೇ ಮೇಜಿನ ಮುಂದೆ ನಿಂತಳು. ಅವಳ ಮುಖ ಅಷ್ಟು ಹೊಳೆದದ್ದನ್ನು ತನ್ನೂಸ್ ಮದುವೆಯ ದಿನವೂ ನೋಡಿರಲಿಲ್ಲ. ಅವನಿಗೆ ಹೆಮ್ಮೆಯಾಯಿತು, ಹೊಟ್ಟೆಕಿಚ್ಚೂ ಆಯಿತು.

ಭಾನುವಾರ ಮಧ್ಯಾಹ್ನ ಅವಳು ಬೇಳೆ ಅನ್ನ ಬಡಿಸಿದಳು. ಪರೀಕ್ಷೆಯೋ, ಅತಿಥಿಗಳ ಚಪ್ಪಾಳೆಯ ಗುಂಗಿನಲ್ಲಿ ಒಲೆ ಮರೆತದ್ದೋ, ಸೀದ ವಾಸನೆ ಗಪ್ಪೆಂದು ಅವನ ಮೂಗಿಗೆ ಹೊಡೆಯಿತು. ಬಾಯಿ ತೆರೆದವನು ಅವಳ ಕಡೆ ನೋಡಿದ. ನಿನ್ನೆಯ ಹೊಳಪು ಇನ್ನೂ ಹಾಗೇ ಇತ್ತು.

ವರ್ದೆ: ಹೇಗಿದೆ?

ತನ್ನೂಸ್: ನಿನ್ನ ಕೈ ಸುಖವಾಗಿರಲಿ.

ವರ್ದೆ: ಹಾಗಾದ್ರೆ ಮೂಗು ಇನ್ನೂ ಬಂದಿಲ್ಲ.

ತನ್ನೂಸ್: ಎಲ್ಲಿ ಬರತ್ತೆ? ಈ ವರ್ಷ ಬರೋ ಲಕ್ಷಣ ಕಾಣೆ. ಇನ್ನೊಂದು ಸ್ವಲ್ಪ ಹಾಕು.