ಚಿಕ್ಕಪ್ಪನ ಸಮಪಾಲು

ನಮ್ಮ ಚಿಕ್ಕಪ್ಪನಿಗೆ ಹುಚ್ಚು ಎಂದು ಚಳ್ಳಕೆರೆಯಲ್ಲಿ ಯಾರಾದರೂ ಹೇಳಿದರೆ ನಾನು ಜಗಳಕ್ಕೆ ಹೋಗುವುದಿಲ್ಲ. ಪೂರ್ತಿಯೋ ಅರೆಯೋ ಎಂದಷ್ಟೇ ಕೇಳುತ್ತೇನೆ! ಇಡೀ ಪೇಟೆಗೆ ಪರಿಚಯವಿದ್ದ ಗಿರಿಜಾ ಮೀಸೆಯನ್ನು ಒಂದು ಬೆಳಿಗ್ಗೆ ಬೋಳಿಸಿಕೊಂಡು ಬಂದವರಿಗೆ ಏನನ್ನಬೇಕು? ಯಾಕೆ ಚಿಕ್ಕಪ್ಪ ಎಂದರೆ, “ನಿಮ್ಮ ಚಿಕ್ಕಮ್ಮಂಗೆ ಅಡ್ಡ ಬರ್ತಿತ್ತು ಕಣ್ಲೇ” ಅಂದರು. ನಾನು ಬೇರೇನೋ ಅಂದುಕೊಂಡು ನಾಚಿಕೊಂಡೆ.

ವಿಷಯ ಅದಲ್ಲ. ಒಂದು ಕೆಟ್ಟ ಜ್ವರ ಬಂದು ಹೋದ ಮೇಲೆ ಚಿಕ್ಕಮ್ಮನಿಗೆ ಕಿವಿ ಕೇಳುತ್ತಿರಲಿಲ್ಲ. ತುಟಿ ನೋಡಿ ಮಾತು ತಿಳಿಯುವುದನ್ನು ಕಲಿತಿದ್ದರು. ಮನೆಯವರ ಮಾತೇನೋ ಸರಿ, ರಾಂಪುರದ ಅಕ್ಕನ ಜೊತೆ ದಿನಾ ಸಂಜೆ ಫೋನಿನಲ್ಲಿ ಆಡುತ್ತಿದ್ದ ಜಗಳದ ಗತಿ? ಆ ದೊಡ್ಡಮ್ಮನೋ ಸೊಂಟ ಮುರಿದುಕೊಂಡು ಮಂಚ ಹಿಡಿದಿದ್ದರು. ವೀಡಿಯೊ ಕಾಲ್ ಮಾಡಿದರೆ ಚಿಕ್ಕಪ್ಪನ ಮನೆಯ ಇಂಟರ್ನೆಟ್ಟಿಗೆ ಸರಿಯಾಗಿ ಸಂಜೆ ಹೊತ್ತಿಗೇ ಮಂಪರು. ದೊಡ್ಡಮ್ಮ ಬಾಯಿ ತೆರೆದವರು ತೆರೆದಂತೆಯೇ ನಿಂತುಬಿಡುವರು! “ಬಿಡ್ರೀ, ಅಕ್ಕನ ಮಾತು ಇನ್ನು ನಂಗಿಲ್ಲ” ಎಂದು ಚಿಕ್ಕಮ್ಮ ಫೋನ್ ಮುಟ್ಟುವುದನ್ನೇ ಬಿಟ್ಟರು. ಚಿಕ್ಕಪ್ಪನ ತಲೆ ಕೆಟ್ಟಿದ್ದು ಅವತ್ತು.

ಒಂದು ಲೈನು ಸಾಲದಿದ್ದರೆ ಮೂರು ಕೂಡಿಸಿದರಾಯಿತು! ಮನೆಯ ಕೇಬಲ್ಲಿನದು, ಪಕ್ಕದ ಮೆಕ್ಯಾನಿಕ್ ಭಾಯ್ ಕೊಟ್ಟ ವೈಫೈ, ತಮ್ಮ ಮೊಬೈಲಿನದು. ಮೂರನ್ನೂ ಸೇರಿಸಿ ಒಂದೇ ಲೈನು ಮಾಡುವ ಪೆಟ್ಟಿಗೆ ತರಿಸಿದರು. ಸಿಗ್ನಲ್ ಸಿಗಲೆಂದು ಮೊಬೈಲನ್ನು ಟಿಫಿನ್ ಡಬ್ಬಿಯಲ್ಲಿಟ್ಟು ಮಾಳಿಗೆ ಮೇಲೆ ಬೊಂಬಿನ ತುದಿಗೆ ಕಟ್ಟಿದರು. ಇದ್ದ ಸಿಗ್ನಲ್ಲೂ ಹೋಯಿತು! “ಚಾಚಾ, ಸ್ಟೀಲ್ ಡಬ್ಬಿಯಾಗೆ ಸಿಗ್ನಲ್ ನುಗ್ಗಲ್ಲ, ಪ್ಲಾಸ್ಟಿಕ್‌ದಾಗೆ ಇಡ್ರಿ” ಎಂದು ಭಾಯ್ ಕೆಳಗಿನಿಂದ ಕೂಗಿದ. ಮೊಬೈಲು ಉಪ್ಪಿನಕಾಯಿ ಡಬ್ಬಿಗೆ ವರ್ಗವಾಯಿತು. ಆಮೇಲೆ ಯಾರ ಕರೆ ಬಂದರೂ ಚಿಕ್ಕಪ್ಪ ಏಣಿ ಹತ್ತಬೇಕು. ಬೊಂಬು ತಬ್ಬಿಕೊಂಡು ಉಪ್ಪಿನಕಾಯಿ ಡಬ್ಬಿಯನ್ನು “ಆರಾಮಾ?” ಎಂದು ವಿಚಾರಿಸುವವರನ್ನು ಕಂಡು ಬೀದಿಯ ಜನ ದಾರಿ ಬದಲಿಸಿದರು.

ಇಷ್ಟೆಲ್ಲ ಮಾಡಿ ಕಾಲ್ ಹಚ್ಚಿದರೆ ಮೊದಲಿಗಿಂತ ಕೆಟ್ಟಿತು. ದೊಡ್ಡಮ್ಮನ ಗಲ್ಲ ಒಂದು ಕಡೆ, ಬಾಯಿ ಇನ್ನೊಂದು ಕಡೆ!

ಕಾರಣವಿಷ್ಟೇ. ಚಿಕ್ಕಪ್ಪ ಪರಶುರಾಂಪುರದ ಕಡೆ ಅಣ್ಣತಮ್ಮಂದಿರಿಗೆ ಆಸ್ತಿ ಪಾಲು ಮಾಡಿಸುವ ಹಿರಿಯರು. ಹುಣಸೆಮರವನ್ನೂ ಕೊಂಬೆ ಎಣಿಸಿ ಹಂಚಿದವರು. ಪೆಟ್ಟಿಗೆಯಲ್ಲೂ ಮೂರು ಲೈನಿಗೆ ಸಮಪಾಲು ಹಾಕಿದ್ದರು! ಕೇಬಲ್ಲು ತನ್ನ ಪಾಲಿನ ಚಿತ್ರದ ಚೂರುಗಳನ್ನು ತಂದು ಸುರಿದು ಕಾಯುತ್ತಿತ್ತು. ಬೊಂಬಿನ ಮೊಬೈಲು ಇನ್ನೂ ದಾರಿಯಲ್ಲೇ. ಅದು ಬರುವ ತನಕ ದೊಡ್ಡಮ್ಮ ಬಾಯಿ ಮುಚ್ಚುವಂತಿಲ್ಲ.

“ಜೋರಾಗಿ ಓಡೋ ಲೈನಿಗೆ ಜಾಸ್ತಿ ಕೊಡಿ ಚಿಕ್ಕಪ್ಪ” ಎಂದೆ.

“ನಿಧಾನದ್ದು ಅಂತ ಪಾಲು ಕಡಿಮೆ ಮಾಡಾಕಾಗ್ತೈತೇನ್ಲೇ? ನ್ಯಾಯ ಅನ್ನೋದು ಐತೋ ಇಲ್ವೋ?”

ಚಿಕ್ಕಮ್ಮ ನಮ್ಮಿಬ್ಬರ ತುಟಿಗಳನ್ನೇ ನೋಡುತ್ತಿದ್ದರು. ಊಟಕ್ಕೆ ಕೂತಾಗ ನನಗೊಂದು, ಚಿಕ್ಕಪ್ಪನಿಗೊಂದು, ಒಂದೇ ಗಾತ್ರದ ದಪ್ಪ ಮುದ್ದೆ ಇಟ್ಟರು. ಚಿಕ್ಕಪ್ಪನದು ಹಕ್ಕಿ ಊಟ.

“ಇಷ್ಟೊಂದು ನಂಗ್ಯಾಕೆ?”

“ಸಮಪಾಲು ರೀ! ಅವನು ಉಂಡು ಮುಗಿಸಿದ್ರೂ ನಿಮ್ಮದಾಗೋ ತನಕ ನಾನು ತಟ್ಟೆ ಎತ್ತೋ ಹಂಗಿಲ್ಲ!”

ಚಿಕ್ಕಪ್ಪ ಅರ್ಧ ತುತ್ತಿಗೇ ಎದ್ದರು. ಎಂಜಲು ಕೈಯನ್ನು ಪಂಚೆಗೆ ಒರೆಸಿಕೊಂಡು ಪೆಟ್ಟಿಗೆಯ ಮುಂದೆ ಕೂತು, ಕೇಬಲ್ಲಿಗೆ ಹೆಚ್ಚು, ಭಾಯ್ ವೈಫೈಗೆ ಸ್ವಲ್ಪ, ಮೊಬೈಲಿಗೆ ಚೂರೇ ಚೂರು ಎಂದು ಪಾಲು ಬದಲಿಸಿದರು. ಜೀವಮಾನದಲ್ಲಿ ಅವರು ತಮ್ಮ ತೀರ್ಪು ತಿರುಗಿಸಿದ್ದು ಅದೊಂದೇ ಸಲ.

ಅವತ್ತು ಸಂಜೆ ಸದ್ದು ಬಂದ್ ಮಾಡಿಟ್ಟಿದ್ದ ಚಿಕ್ಕಮ್ಮನ ಫೋನಿನಲ್ಲಿ, ಹಿಂದೆ ಇಣುಕಿದ ಚಿಕ್ಕಪ್ಪನನ್ನು ಕಂಡು ದೊಡ್ಡಮ್ಮ ಬಾಯಿ ತೆರೆದರು. ಬಾಯಿ ನಿಲ್ಲಲಿಲ್ಲ! ಉಸಿರು ಬಿಡದೆ ಏನೋ ಬೈದರು. ರೆಪ್ಪೆ ಹೊಡೆಯದೆ ನೋಡುತ್ತಿದ್ದ ಚಿಕ್ಕಮ್ಮ ಗಟ್ಟಿಯಾಗಿ ನಕ್ಕರು, ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡರು.

“ಏನಂತಾಳೆ?” ಚಿಕ್ಕಪ್ಪ ಅವರ ಮುಂದೆ ಬಂದು ನಿಂತು ಕೇಳಿದರು.

“ನಿನ್ನ ಗಂಡಂಗೆ ಹುಚ್ಚು, ಮೀಸೆ ಇಲ್ದಿರೋ ಮುಖ ಸುಲಿದ ಈರುಳ್ಳಿ ಹಂಗೈತೆ ಅಂತಾಳೆ ರೀ!”

“ಪೂರ್ತಿ ಕಾಣಿಸ್ತಾ? ಎಲ್ಲೂ ನಿಲ್ಲಲಿಲ್ವಾ?”

“ಇಲ್ಲ ರೀ. ಪೂರ್ತಿ ಬೈದ್ಲು.”

ಚಿಕ್ಕಪ್ಪ ಫೋನಿನ ಕಡೆ ಬಗ್ಗಿ, ಎರಡೂ ಕೈ ಮುಗಿದು, “ಅಕ್ಕಾ, ಇನ್ನೊಂದ್ಸಲ ಬೈರಿ” ಅಂದರು.